ಭೈರವಿಯ ಬಾಗಿಲು, ಎರಡನೆಯ ಸಲ

ಗೆದ್ದ ಆಟದ ಎರಡನೆಯ ಭಾಗಕ್ಕೆ, ಅದು ಹುಟ್ಟುವ ಮೊದಲೇ ವೈರಿಗಳು ಹುಟ್ಟಿರುತ್ತಾರೆ. ಮೊದಲನೆಯದನ್ನು ಪ್ರೀತಿಸಿದವರೇ ಆ ವೈರಿಗಳು. ಹಿರಿಸೊಸೆಯನ್ನು ಹೊಗಳುತ್ತಲೇ ಕಿರಿಸೊಸೆಯ ಸಾರಿನಲ್ಲಿ ಉಪ್ಪು ಹುಡುಕುವ ಅತ್ತೆಯಂತೆ, ಅವರು ಹೊಸ ಆಟವನ್ನು ಕೈಗೆತ್ತಿಕೊಳ್ಳುವುದೇ ತಪ್ಪು ಹಿಡಿಯಲಿಕ್ಕೆ. ಅಂಥವರ ಕೈಗೆ ಹೋಗುವ ಮೊದಲು ಮನೆಯೊಳಗೇ ಒಬ್ಬರು ತಪ್ಪು ಹಿಡಿಯುವವರು ಬೇಕಲ್ಲ? ಹುಬ್ಬಳ್ಳಿಯ ಗೋಕುಲ ರಸ್ತೆಯ ಸ್ಟುಡಿಯೋ ಒಂದರಲ್ಲಿ ಬಾಗೇಶ್ರೀ ಸಂಬಳ ತೆಗೆದುಕೊಳ್ಳುತ್ತಿದ್ದದ್ದು ಅದಕ್ಕೇ. ಅವಳ ಮೇಜಿನ ಮೇಲೆ ಎರಡು ಪರದೆ. ಎಡಕ್ಕೆ 'ಕೊನೆಯ ಹಡಗು' ಮೊದಲ ಭಾಗ, ಬಲಕ್ಕೆ ಎರಡನೆಯದು. ಒಂದು ದೃಶ್ಯವನ್ನು ಎಡಗಡೆ ಆಡಬೇಕು, ಅದರ ಜೋಡಿಯನ್ನು ಬಲಗಡೆ ಆಡಬೇಕು, ಯಾವುದು ಮೇಲು, ಯಾಕೆ ಮೇಲು ಎಂದು ಒಂದು ಸಾಲು ಬರೆಯಬೇಕು. ಕೇಳಿದವರಿಗೆ ಇದೂ ಒಂದು ಕೆಲಸವೇ? ಅನ್ನಿಸುತ್ತಿತ್ತು. ಆದರೆ ಅವಳು ಬರೆದ ಸಾಲಿಗೆ ಹೆದರಿ ಆರು ತಿಂಗಳ ಕೆಲಸವನ್ನು ಅಳಿಸಿ ಹೊಸದಾಗಿ ಮಾಡಿದ್ದೂ ಉಂಟು.

ಆಟ ಇಷ್ಟೇ: ಭೂಮಿ ಬರಡಾಗಿದೆ. ಉಳಿದ ಜನರನ್ನು ಹೊತ್ತ ಒಂದು ಹಡಗು ನಕ್ಷತ್ರಗಳ ನಡುವೆ ಹೊರಟಿದೆ. ಆಡುವವರು ವೈದ್ಯರಾಗಬಹುದು, ಮೆಕ್ಯಾನಿಕ್ ಆಗಬಹುದು, ಕಳ್ಳರಾಗಬಹುದು. ಸುಳ್ಳು ಹೇಳಿ, ಪಕ್ಷ ಕಟ್ಟಿ, ಮದುವೆಯಾಗಿ ಅಲ್ಲಿ ಬದುಕಬಹುದು. ಯಾವ ಪಾತ್ರ ಹಿಡಿದರೂ ಕಟ್ಟಕಡೆಗೆ ಒಂದು ಬಾಗಿಲ ಮುಂದೆ ಬಂದು ನಿಲ್ಲಲೇಬೇಕು. ಹಡಗಿನ ನಾಯಕಿ ಭೈರವಿ, ಸೋಂಕು ತಗುಲಿದ ತನ್ನ ಸ್ವಂತ ಮಗಳನ್ನು ಹೊರಗೆ ಬಿಟ್ಟು ಆ ಬಾಗಿಲು ಮುಚ್ಚುತ್ತಾಳೆ. ಮಗಳು ಆಚೆಯಿಂದ ಬಾಗಿಲು ಬಡಿಯುತ್ತಾಳೆ, ಭೈರವಿ ಈಚೆ ನಿಂತು ಅಳುತ್ತಾಳೆ, ಆದರೆ ತೆರೆಯುವುದಿಲ್ಲ. ಮೊದಲ ಭಾಗ ಆಡಿದ ಲಕ್ಷಾಂತರ ಮಂದಿ ಆ ಬಾಗಿಲ ಮುಂದೆ ಅತ್ತಿದ್ದರು. ಹೆಂಡತಿ ಸತ್ತಾಗಲೂ ಅಳದ ಒಬ್ಬ ಫೌಜುದಾರರು ಈ ಭೈರವಿಗಾಗಿ ಅತ್ತೆನೆಂದು ಸ್ಟುಡಿಯೋಗೆ ಫೋನ್ ಮಾಡಿ ಹೇಳಿದ್ದರು.

ಭೈರವಿಯ ಮುಖ, ದನಿ ಎರಡೂ ಬಾಗೇಶ್ರೀಯ ತಾಯಿ ಚಂಪಾಬಾಯಿ ಗಜೇಂದ್ರಗಡ ಅವಳವು. ಚಂಪಾಬಾಯಿ ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವಳು. ಅವಳ ಗಂಡ ಗುರುಸಿದ್ಧಪ್ಪ ಅದೇ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರ. ಕ್ಯಾಂಪಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದ ಮಗಳಿಗೆ ರಾಗದ ಹೆಸರಿಟ್ಟವನೂ ಅವನೇ. ಕಂಪನಿ ಮುಚ್ಚಿದ ಮೇಲೆ ಅರಮನೆ ಬರೆದ ಪರದೆಗಳನ್ನು ಗುಜರಿಯವನು ಒಯ್ದ, ಚಂಪಾಬಾಯಿ ಮನೆಯಲ್ಲಿ ಕೂತಳು. ಆಟಕ್ಕೆ ಒಂದು ಗಟ್ಟಿ ಗಂಟಲು ಬೇಕೆಂದಾಗ ಬಾಗೇಶ್ರೀಯೇ ಅವಳನ್ನು ಸ್ಟುಡಿಯೋಗೆ ಕರೆತಂದಳು. ಅಲ್ಲಿಂದ ಮುಂದೆ ಚಂಪಾಬಾಯಿ ಕಾಯಿಪಲ್ಲೆ ತರಲು ಹೋದರೂ ಹುಡುಗರು ಸುತ್ತುವರಿದು ಫೋಟೋ ಕೇಳುತ್ತಿದ್ದರು. ಅರವತ್ತನೆಯ ವಯಸ್ಸಿನಲ್ಲಿ ಬಂದ ಆ ಮರ್ಯಾದೆಯನ್ನು ಅವಳು ಹೊಸ ಸೀರೆಯ ಹಾಗೆ ಉಟ್ಟು ತಿರುಗಿದಳು. ಮಗಳಿಗೂ ಅದರ ಹೆಮ್ಮೆ ಕಡಿಮೆ ಇರಲಿಲ್ಲ.

ಎರಡನೆಯ ಭಾಗಕ್ಕೆ ಹಣೆಪಟ್ಟಿ ಬಂತು. ನಟರ ಹಣೆಗೆ ಕಟ್ಟಿದ ಪಟ್ಟಿ, ನರಗಳಲ್ಲಿ ಓಡಾಡುವ ಸಣ್ಣ ವಿದ್ಯುತ್ತನ್ನೂ ನಾಡಿಯ ಏರಿಳಿತವನ್ನೂ ಓದಿ ಅವರ ಭಾವನೆಯನ್ನು ಒಂದು ಗೆರೆಯಾಗಿ ಬರೆದುಕೊಳ್ಳುತ್ತದೆ. ಆಡುವವರ ಹಣೆಗೆ ಕಟ್ಟಿದ ಇನ್ನೊಂದು ಪಟ್ಟಿ ಆ ಗೆರೆಯನ್ನು ಅವರೊಳಗೆ ತಿರುಗಿ ಬಿಡುತ್ತದೆ. ಮಾತು ಹೋಗುವುದಿಲ್ಲ, ವಿಚಾರ ಹೋಗುವುದಿಲ್ಲ, ಯಾರ ಮೇಲಿನ ಭಾವನೆ ಎಂಬುದೂ ಹೋಗುವುದಿಲ್ಲ. ಹೋಗುವುದು ಬರೀ ಭಾವನೆ. ಯಾರ ಮೇಲೆ ಎಂಬುದನ್ನು ಕಣ್ಣೆದುರಿನ ಆಟ ಹೇಳಿಕೊಡುತ್ತದೆ. ಮೊದಲ ಭಾಗದಲ್ಲಿ ಭೈರವಿಯನ್ನು ಹೊರಗಿನಿಂದ ನೋಡಿದ್ದ ಜನ ಈ ಸಲ ಅದೇ ಬಾಗಿಲಲ್ಲಿ ಸ್ವತಃ ಭೈರವಿಯೇ ಆಗಿ ನಿಲ್ಲಬೇಕು, ಅವಳ ಕರುಳು ಕಿತ್ತುಬಂದದ್ದು ತಮ್ಮ ಹೊಟ್ಟೆಯಲ್ಲೇ ಗೊತ್ತಾಗಬೇಕು ಎಂಬುದು ಲೆಕ್ಕಾಚಾರ. ಚಂಪಾಬಾಯಿಯ ಹಣೆಗೆ ಪಟ್ಟಿ ಕಟ್ಟಿ ಬಾಗಿಲಿನ ದೃಶ್ಯವನ್ನು ಹೊಸದಾಗಿ ಮಾಡಿಸಿದರು. ಅವಳು ಅತ್ತಳು. ಗಾಜಿನಾಚೆಯ ಇಂಜಿನಿಯರುಗಳು ಕಣ್ಣೊರೆಸಿಕೊಂಡರು.

ಆಮೇಲೆ ಪರೀಕ್ಷೆಗೆಂದು ಕರೆಸಿದ ಆಟಗಾರರು ಪಟ್ಟಿ ಕಟ್ಟಿಕೊಂಡು ಆಡಿ, ಬಿಚ್ಚಿಟ್ಟು ಒಂದೇ ಮಾತು ಹೇಳಿದರು: "ಮೋಸ."

ಬಾಗೇಶ್ರೀ ತಾನೇ ಕಟ್ಟಿಕೊಂಡು ನೋಡಿದಳು. ಭೈರವಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಗಂಟಲು ಒಡೆಯುತ್ತಿದೆ, ಒಳಗೆ ಮಾತ್ರ ತಣ್ಣಗಿದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬ ಎಚ್ಚರ, ಪದ ಸರಿಯಾಗಿ ಬಿದ್ದಾಗಿನ ಸಣ್ಣ ಖುಷಿ, ಸ್ವಲ್ಪ ಹಸಿವು. ಮಗಳ ಮೇಲೆ ಬಾಗಿಲು ಮುಚ್ಚುವ ಹೊತ್ತಿನಲ್ಲಿ ನಾಯಕಿಗೆ ಹಸಿವಾಗಿತ್ತು. ಮೊದಲ ಭಾಗದ ಅಳುವೂ ಹೀಗೇ ಹುಟ್ಟಿದ್ದೆಂದು ಬಾಗೇಶ್ರೀಗೆ ಅರ್ಥವಾಯಿತು. ಆಗ ಒಳಗೆ ಇಣುಕಲು ಯಾರಿಗೂ ಕಿಟಕಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಮೊದಲನೆಯದೇ ಮೇಲು ಎಂದು ಅವಳು ಬರೆಯಬೇಕಾಯಿತು.

ಮನೆಗೆ ಬಂದಾಗ ಚಂಪಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಆಸ್ಪತ್ರೆಗೆ ಬುತ್ತಿ ಕಟ್ಟುವುದಿತ್ತು. ಗುರುಸಿದ್ಧಪ್ಪ ಮಾಸ್ತರ ಪುಪ್ಪುಸದ ಕಾಯಿಲೆಯಿಂದ ಮಲಗಿದ್ದ. ಕಂಪನಿಯ ಕಾಲದ ಗೆಳತಿ ಮಾಬೂಬಿ ಮೌಶಿ ಹಗಲು ಅವನ ಹತ್ತಿರ ಕೂರುತ್ತಿದ್ದಳು.

"ಅವ್ವಾ, ಅಳೂಮುಂದ ನಿನಗ ಒಳಗ ಏನೂ ಆಗೂದಿಲ್ಲೇನ?" ಬಾಗೇಶ್ರೀ ಕೇಳಿದಳು.

ಚಂಪಾಬಾಯಿ ನಕ್ಕಳು. "ಹುಚ್ಚಿ. ಒಳಗ ಅಳಕೋತ ಕುಂತ್ರ ಮಾತ ಹ್ಯಾಂಗ ನೆನಪ ಇರ್ತಾವು? ದನಿ ಹಿಂದಿನ ಖುರ್ಚಿತನಕ ಹ್ಯಾಂಗ ಹೋಗ್ತೈತಿ? ನಾ ಅಳಾಕ ಹೋಗಾಂಗಿಲ್ಲವಾ, ಅಳಸಾಕ ಹೋಗ್ತೀನಿ."

"ಈಗ ಕಾಲ ಹಂಗಿಲ್ಲ. ಒಳಗಿಂದನೂ ಜನಕ್ಕ ಬೇಕಾಗೇತಿ."

"ಒಳಗಿಂದು ನನ್ನ ಸ್ವಂತದ್ದು. ಅದಕ್ಕ ಟಿಕೀಟ ಇಲ್ಲ." ಅವಳು ರೊಟ್ಟಿ ತಿರುವಿ ಹಾಕಿದಳು. "ನಮ್ಮವ್ವ ಸತ್ತ ತಂತಿ ಬಂದಾಗ ನಾ ಸ್ಟೇಜಿನ ಮ್ಯಾಲಿದ್ದೆ. ಮಾಲಕರು ತಂತಿ ಕಿಸೆದಾಗ ಇಟ್ಕೊಂಡು ಸುಮ್ನ ಕುಂತ್ರು. ನಾ ಮಂಗಳ ಹಾಡಿ, ಪರದೆ ಬಿದ್ದು, ಬಣ್ಣ ತೊಳಕೊಂಡ ಮ್ಯಾಲೆ ಕೈಯಾಗ ಕೊಟ್ರು. ನಾ ಅವರ ಕಾಲಿಗೆ ಬಿದ್ದೆ. ಬಣ್ಣ ಹಚ್ಚಿದ ಮಾರಿಗೆ ಸಾವಿನ ಸುದ್ದಿ ಹೇಳಬಾರದು ಬಾಗೀ. ಹೇಳಿದಾವ ಮನಶ್ಯಾನ ಅಲ್ಲ."

ಇದು ಬಾಗೇಶ್ರೀಗೆ ಗೊತ್ತಿಲ್ಲದ ವಿಷಯವಲ್ಲ. ಕಂಪನಿಯಲ್ಲಿ ಹುಟ್ಟಿದ ಯಾವ ಮಗುವೂ ಅ ಆ ಇ ಈ ಕಲಿಯುವ ಮೊದಲು ಕಲಿಯುತ್ತಿದ್ದದ್ದು ಇದನ್ನೇ. ಎದುರಾಳಿ ಕಂಪನಿಯವರು ಬೇಕೆಂದೇ ಇಂಥ ಸುದ್ದಿ ಮುಟ್ಟಿಸಿ ನಾಟಕ ಕೆಡಿಸಿದ ಕಥೆಗಳನ್ನು ಅವಳು ರಾಕ್ಷಸರ ಕಥೆ ಕೇಳಿದ ಹಾಗೆ ಕೇಳಿ ಬೆಳೆದಿದ್ದಳು.

ಮರುದಿನ ಸ್ಟುಡಿಯೋದಲ್ಲಿ ನಿರ್ದೇಶಕ ಸಂಕರ್ಷಣ ಅವಳನ್ನು ಕರೆದ. ಮೈಸೂರಿನವನು, ದನಿ ಎತ್ತಿದವನೇ ಅಲ್ಲ. ಕೆಡುಕು ಮಾಡುವವರೆಲ್ಲ ಮೀಸೆ ತಿರುವುತ್ತ ಬರುವುದು ನಾಟಕದಲ್ಲಿ ಮಾತ್ರ. ಸಂಕರ್ಷಣ ಅವಳಿಗೆ ಕಾಫಿ ತರಿಸಿಕೊಟ್ಟು ಮಾತು ತೆಗೆದ.

"ಬೆಂಗಳೂರಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಪಟ್ಟಿ ಕಟ್ಟಿದ್ರೆ ಒಳಗಿಂದ ನಿಜವಾಗಿ ಅಳ್ತಾಳೆ. ಮುಖ ಅಮ್ಮಂದೇ ಇರ್ಲಿ, ಧ್ವನಿನೂ ಅಮ್ಮಂದೇ. ಒಳಗಿಂದ ಮಾತ್ರ ಆ ಹುಡುಗೀದು ಹಾಕಿಬಿಡೋಣ."

"ಅವ್ವಗ ಗೊತ್ತಾದ್ರ ಸಾಯ್ತಾಳ್ರಿ," ಅಂದಳು ಬಾಗೇಶ್ರೀ. "ಮೂವತ್ತು ವರ್ಷದಾಗ ಅಕಿ ಪಾತ್ರ ಯಾರೂ ಅರ್ಧಕ್ಕ ಕಸಗೊಂಡಿಲ್ಲ."

"ಅದಕ್ಕೇ ನಾಳೆ ಇನ್ನೊಂದ್ಸಲ ಮಾಡ್ಸೋಣ. ಕೊನೇ ಸಲ." ಅವನು ಲೋಟ ಕೆಳಗಿಟ್ಟ. "ಅವರಿಗೆ ನಿಜವಾಗ್ಲೂ ನೋವಾಗೋದು ಅಂತ ಏನಾದ್ರೂ ಇರುತ್ತಲ್ವಾ ಬಾಗೇಶ್ರೀ? ಯೋಚನೆ ಮಾಡಿ, ಅಷ್ಟೇ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಬಾಗೇಶ್ರೀ ಬೆಕ್ಕೋ ಇಲಿಯೋ ಅವಳಿಗೇ ತಿಳಿಯಲಿಲ್ಲ. ಅವ್ವ ಗೆಲ್ಲಬೇಕು ಎಂದು ಅವಳು ಮನಸಾರೆ ಬಯಸಿದ್ದಳು. ಅವ್ವ ಗೆದ್ದರೆ ಅವ್ವನನ್ನು ಕರೆತಂದವಳೂ ಗೆದ್ದಂತೆ ಎಂಬುದೂ ಆ ಬಯಕೆಯ ಅಡಿಯಲ್ಲಿ ಕೂತಿತ್ತು. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮರುದಿನ ಚಂಪಾಬಾಯಿ ಗಾಜಿನ ಕೋಣೆಯೊಳಗೆ ಪಟ್ಟಿ ಕಟ್ಟಿಕೊಂಡು ನಿಂತಳು. ಧ್ವನಿಗಷ್ಟೇ ನಟಿಸುವಾಗಲೂ ಮುಖಕ್ಕೆ ತೆಳ್ಳಗೆ ಬಣ್ಣ ಹಚ್ಚಿಕೊಂಡು ಬರುವುದು ಅವಳ ಪದ್ಧತಿ. ಹೊರಗೆ ಯಂತ್ರಗಳ ಮುಂದೆ ಸಂಕರ್ಷಣ, ಅವನ ಪಕ್ಕ ಮೈಕಿನ ಮುಂದೆ ಬಾಗೇಶ್ರೀ. ಬಾಗಿಲಾಚೆಯ ಮಗಳ ಮಾತುಗಳನ್ನು ಓದಿಕೊಡುವುದು ಅವಳ ಪಾಲಿನ ಕೆಲಸ. ಪರದೆಯ ಮೇಲೆ ಚಂಪಾಬಾಯಿಯ ಒಳಗಿನ ಗೆರೆ ತೆವಳುತ್ತಿತ್ತು, ಬೇಸಿಗೆಯ ಹಳ್ಳದಷ್ಟು ಸಪ್ಪೆ. ಒಂದು ಸಲ ಮಾಡಿದರು, ಎರಡನೆಯ ಸಲವೂ ಮಾಡಿದರು. ಗಂಟಲಲ್ಲಿ ಸಮುದ್ರ, ಗೆರೆಯಲ್ಲಿ ಏನೂ ಇಲ್ಲ. ಸಂಕರ್ಷಣ ಪೆನ್ನು ಕಚ್ಚುತ್ತ ಕೂತ.

ಮೂರನೆಯ ಸಲ ಶುರುವಾದಾಗ ಬಾಗೇಶ್ರೀಯ ಫೋನು ನಡುಗಿತು. ಮಾಬೂಬಿ ಮೌಶಿ. ಅವಳು ಮೈಕು ಮುಚ್ಚಿ ಫೋನು ಕಿವಿಗಿಟ್ಟಳು.

"ಮಾಸ್ತರ ಹೋದ್ರವಾ ಬಾಗೀ," ಮೌಶಿ ಅಳುತ್ತಿದ್ದಳು. "ನೀರ ಕೇಳಿದ್ರು, ತಗೊಂಡು ಬರೂದ್ರಾಗ... ನಿಮ್ಮವ್ವ ಅಲ್ಲೇ ಅದಾಳೇನ? ಬಣ್ಣದಾಗ ಅದಾಳೇನ? ಹಂಗಿದ್ರ ಈಗ ಹೇಳಬ್ಯಾಡ. ಮುಗೀಲಿ. ಮುಗದ ಮ್ಯಾಲೆ ಕರಕೊಂಡು ಬಾ."

ಫೋನು ಕೆಳಗಿಟ್ಟ ಬಾಗೇಶ್ರೀಯ ಮುಖ ನೋಡಿಯೇ ಸಂಕರ್ಷಣನಿಗೆ ತಿಳಿಯಿತು. "ತಂದೆಯವರಾ?" ಎಂದು ಮೆಲ್ಲಗೆ ಕೇಳಿದ. ಅವಳು ತಲೆಯಾಡಿಸಿದಳು. "ಛೇ... ನಿಲ್ಲಿಸಿಬಿಡ್ಲಾ? ನೀವು ಹೇಗೆ ಹೇಳ್ತೀರೋ ಹಾಗೆ."

ಗಾಜಿನಾಚೆ ಚಂಪಾಬಾಯಿ ಭೈರವಿಯಾಗಿ ಬಾಗಿಲಿಗೆ ಹಣೆ ಒತ್ತಿ ನಿಂತು, ಮಗಳ ಮುಂದಿನ ಮಾತಿಗೆ ಕಾಯುತ್ತಿದ್ದಳು. ಸಂಕರ್ಷಣ ಆ ಸಪ್ಪೆ ಗೆರೆಯನ್ನೊಮ್ಮೆ, ಬಾಗೇಶ್ರೀಯನ್ನೊಮ್ಮೆ ನೋಡಿದ. ನಿಲ್ಲಿಸುವ ಗುಂಡಿಯ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಪ್ಪ ಸತ್ತ ಹೊತ್ತಿನಲ್ಲಿ ಮಗಳು ಏನು ಯೋಚಿಸಬೇಕು? ಬಾಗೇಶ್ರೀ ಯೋಚಿಸಿದ್ದು ಗೆರೆಯನ್ನು. ಹೇಗೂ ಹೇಳಲೇಬೇಕಾದ ಸುದ್ದಿ, ಹತ್ತು ನಿಮಿಷ ಮೊದಲು ಹೇಳಿದರೆ ಏನಾದೀತು, ಸತ್ತವನು ಬದುಕಿಬರುವುದಿಲ್ಲ, ಅವ್ವನ ಪಾತ್ರವಾದರೂ ಉಳಿಯುತ್ತದೆ, ಅಪ್ಪ ಇದ್ದಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ. ಅಪ್ಪ ಹಾಗೆ ಹೇಳುತ್ತಿರಲಿಲ್ಲ ಎಂದು ಗೊತ್ತಿದ್ದೇ ಅವಳು ಮೈಕು ತೆರೆದಳು.

"ಅವ್ವಾ," ಅಂದಳು. "ಅಪ್ಪ ಹೋದ. ಈಗ ಮೌಶಿ ಫೋನ್ ಮಾಡಿದ್ಲು."

ಗೆರೆ ಒಮ್ಮೆ ಮೇಲಕ್ಕೆ ಜಿಗಿಯಿತು. ಸಂಕರ್ಷಣ ಕುರ್ಚಿಯಿಂದ ಅರ್ಧ ಎದ್ದ. ಚಂಪಾಬಾಯಿ ತಲೆಯೆತ್ತಿ ಗಾಜಿನ ಕಡೆ ನೋಡಿದಳು. ಒಳಗೆ ದೀಪ, ಹೊರಗೆ ಕತ್ತಲೆ. ಅವಳಿಗೆ ಮಗಳ ಮುಖ ಕಾಣುತ್ತಿರಲಿಲ್ಲ. ಆದರೂ ನೇರವಾಗಿ ಮಗಳು ಕೂತ ಜಾಗವನ್ನೇ ನೋಡಿದಳು. ಅವಳ ತುಟಿ ಕೇಳಬೇಕೋ ಬೇಡವೋ ಎಂಬಂತೆ ಒಮ್ಮೆ ಅಲುಗಿತು. ಜಿಗಿದ ಗೆರೆ ಅಲ್ಲೇ ಯಾರೋ ಕೈಯಿಟ್ಟು ಒತ್ತಿದಂತೆ ಕೆಳಗೆ ಕೂತಿತು. ಮೂವತ್ತು ವರ್ಷದ ಅಭ್ಯಾಸ. ಪರದೆ ಬಿದ್ದಿಲ್ಲವೆಂದರೆ ಬಿದ್ದಿಲ್ಲ. ಬಾಗೇಶ್ರೀ ಲೆಕ್ಕ ತಪ್ಪಿದ್ದು ಇಲ್ಲಿ: ಕಂಪನಿಯ ಹೆಣ್ಣು ರಂಗದ ಮೇಲೆ ಗಂಡನಿಗಾಗಿ ಅಳುವುದಿಲ್ಲ ಎಂಬುದನ್ನು ಮರೆಯಬಾರದವಳೇ ಮರೆತಿದ್ದಳು.

ಆಮೇಲೆ ಗೆರೆ ಇಳಿಯತೊಡಗಿತು. ದುಃಖದ ಗೆರೆ ಅಲೆಯಾಗಿ ಬರುತ್ತದೆ, ಸಿಟ್ಟಿನದು ಗರಗಸದಂತಿರುತ್ತದೆ. ಇದು ಎರಡೂ ಅಲ್ಲ. ಸದ್ದಿಲ್ಲದೆ, ನಿಲ್ಲದೆ, ಕೆಳಕೆಳಗೆ ಇಳಿಯಿತು. ಚಂಪಾಬಾಯಿ ಗಾಜಿನಿಂದ ಕಣ್ಣು ತೆಗೆಯದೆ ಭೈರವಿಯ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು.

"ಬಾಗಿಲು ತೆರೆಯಲಾರೆ ಮಗಳೇ. ನಿನ್ನನ್ನು ಹೆತ್ತದ್ದು ನಾನೇ. ಇಂದಿನಿಂದ ನೀನು ಯಾರೋ, ನಾನು ಯಾರೋ."

ಈ ಸಲ ಅವಳು ಅಳಲಿಲ್ಲ. ಕೈಯೆತ್ತಿ ಇಲ್ಲದ ಬಾಗಿಲ ಚಿಲಕ ಹಾಕಿದಳು.

"ಬಂತು," ಎಂದು ಪಿಸುಗುಟ್ಟಿದ ಸಂಕರ್ಷಣ. ಅವನ ಕಣ್ಣಲ್ಲಿ ನೀರಿತ್ತು.

ಚಂಪಾಬಾಯಿ ಹಣೆಯ ಪಟ್ಟಿಯನ್ನು ತಾನೇ ಬಿಚ್ಚಿದಳು. ಸೆರಗಿನಿಂದ ಮುಖದ ಬಣ್ಣ ಒರೆಸಿಕೊಂಡಳು. "ಸಾಹೇಬರ, ಪರದೆ ಬಿತ್ತೇನ್ರಿ?" ಎಂದು ಮೈಕಿನಲ್ಲಿ ಕೇಳಿದಳು. "ಬಿತ್ತಮ್ಮ," ಅಂದ ಸಂಕರ್ಷಣ. ಆಗ ಅವಳು ನೆಲಕ್ಕೆ ಕುಸಿದು, ಗಂಡನ ಹೆಸರು ಹಿಡಿದು, ಎದೆ ಎದೆ ಬಡಿದುಕೊಂಡು ಅತ್ತಳು. ಸ್ಟುಡಿಯೋದ ಗೋಡೆ ಅಂಥ ಅಳುವನ್ನು ಕೇಳಿರಲಿಲ್ಲ. ಅದನ್ನು ಯಾವ ಪಟ್ಟಿಯೂ ಬರೆದುಕೊಳ್ಳಲಿಲ್ಲ, ಪಟ್ಟಿ ಮೇಜಿನ ಮೇಲಿತ್ತು. ಬಾಗೇಶ್ರೀ ಒಳಗೆ ಓಡಿ ತಾಯಿಯ ಹೆಗಲು ಹಿಡಿಯಹೋದಳು.

"ಮುಟ್ಟಬ್ಯಾಡ್ರಿ," ಅಂದಳು ಚಂಪಾಬಾಯಿ.

ಯಾರಿಗೆ ಹೇಳಿದಳೆಂದು ಬಾಗೇಶ್ರೀ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಮಾಸ್ತರನ ಕ್ರಿಯಾಕರ್ಮಗಳು ಮುಗಿದವು. ಕಂಪನಿಯ ಹಳಬರು ಬಂದರು, ಭಜನೆ ಮಾಡಿದರು, ಉಂಡು ಹೋದರು. ಚಂಪಾಬಾಯಿ ಮಗಳನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಬೈಯಲಿಲ್ಲ, ಬಂದವರ ಮುಂದೆ ಆಡಿಕೊಳ್ಳಲಿಲ್ಲ. ಬಾಗೇಶ್ರೀ ಕೆಲಸದಿಂದ ಬಂದರೆ "ಕೂಡ್ರಿ, ಚಾ ಮಾಡಲೇನ್ರಿ?" ಎನ್ನುತ್ತಿದ್ದಳು. ತಟ್ಟೆಗೆ ಬಿಸಿ ರೊಟ್ಟಿಯನ್ನೇ ಹಾಕುತ್ತಿದ್ದಳು, "ಇನ್ನೊಂದು ತಗೋರಿ" ಎಂದು ಬೀಗರಿಗೆ ಮಾಡುವ ಉಪಚಾರ ಮಾಡುತ್ತಿದ್ದಳು. ಬಾಗೀ ಎಂಬ ಹೆಸರು ಆ ಮನೆಯಲ್ಲಿ ಮತ್ತೆ ಕೇಳಲಿಲ್ಲ.

ಒಂದು ದಿನ ಬಾಗೇಶ್ರೀಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಳು. "ಅವ್ವಾ, ನಿನ್ನ ಪಾತ್ರ ಉಳೀಲಿ ಅಂತ ಹೇಳಿದೆ. ತಪ್ಪಾತು. ಬಡಿ ಬೇಕಾದ್ರ, ಬೈಯಿ. ಹಿಂಗ ಮಾತ್ರ ಮಾಡಬ್ಯಾಡ."

"ನಿಮ್ಮನ್ನ ಬೈಯಾಕ ನಾ ಯಾರ್ರಿ?" ಅಂದಳು ಚಂಪಾಬಾಯಿ. ದನಿಯಲ್ಲಿ ವ್ಯಂಗ್ಯವಾದರೂ ಇದೆಯೇ ಎಂದು ಬಾಗೇಶ್ರೀ ಕಿವಿಗೊಟ್ಟು ಕೇಳಿದಳು. ಇರಲಿಲ್ಲ. ತಾಯಿಗೆ ನಿಜವಾಗಿಯೂ ಸಂಕೋಚವಾದಂತಿತ್ತು, ಮನೆಗೆ ಬಂದ ಅಪರಿಚಿತರು ಸುಮ್ಮನೆ ಅಳುತ್ತ ಕೂತರೆ ಆಗುವ ಸಂಕೋಚ.

ಎರಡನೆಯ ಭಾಗ ಸಿದ್ಧವಾಯಿತು. ಬಾಗಿಲಿನ ದೃಶ್ಯದ ಹೋಲಿಕೆ ಮಾತ್ರ ಬಾಕಿ ಉಳಿದಿತ್ತು. ಬೇರೆಯವರಿಗೆ ಕೊಡಿ ಎಂದು ಬಾಗೇಶ್ರೀ ಕೇಳಿಕೊಂಡಳು. "ಎಲ್ಲಾ ದೃಶ್ಯಾನೂ ಒಬ್ಬರೇ ತೂಗ್ಬೇಕು, ನೀವೇ ಮಾಡಿದ ನಿಯಮ," ಅಂದ ಸಂಕರ್ಷಣ. ಅವಳು ಮೊದಲು ಎಡಗಡೆಯ ಪರದೆಯಲ್ಲಿ ಹಳೆಯದನ್ನು ಆಡಿದಳು. ಎಷ್ಟು ಸಲ ನೋಡಿದ್ದರೂ ಭೈರವಿಯ ಅಳು ಅವಳನ್ನು ಅಳಿಸಿತು. ಹಸಿದುಕೊಂಡು, ಉಸಿರು ಎಣಿಸಿಕೊಂಡು ಅತ್ತ ಆ ಅಳುವಿನಲ್ಲಿ ಎಷ್ಟು ತಾಯ್ತನವಿತ್ತು! ಕಣ್ಣೊರೆಸಿಕೊಂಡು ಪಟ್ಟಿ ಕಟ್ಟಿಕೊಂಡಳು.

ಬಾಗಿಲು ಬಂತು. ಆಚೆ ಮಗಳು ನಿಂತಿದ್ದಾಳೆ. ಬಾಗೇಶ್ರೀ ಆಡಿದ ಆ ಮಾತನ್ನು ತೆಗೆದು, ಅಲ್ಲಿ "ಅವ್ವಾ, ತೆರೆ" ಎಂಬ ಬೇರೊಂದು ದನಿ ಕೂರಿಸಿದ್ದರು. ಮೊದಲು ಹೆಜ್ಜೆ ತಪ್ಪಿದಂತಾಯಿತು, ಅದು ಅಪ್ಪ. ಮರುಕ್ಷಣ ಅದನ್ನು ಜೋಪಾನವಾಗಿ ಮಡಚಿ ಒಳಗಿಟ್ಟಂತಾಯಿತು. ಆಮೇಲೆ ಆಚೆ ನಿಂತವಳ ಕಡೆಗೆ ಒಳಗಿನದೆಲ್ಲ ತಿರುಗಿತು. ಸಿಟ್ಟು ಬರುತ್ತದೆಂದು ಬಾಗೇಶ್ರೀ ಹಲ್ಲು ಕಚ್ಚಿ ಕಾದಳು. ಸಿಟ್ಟು ಬಂದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಬಂದದ್ದು ಬೇರೆ. ನಾಟಕ ಮುಗಿದ ಮೇಲೆ ಮೈಮೇಲಿನ ಒಡವೆಗಳನ್ನು ಒಂದೊಂದಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕುವ ಹಾಗೆ, ಮೂವತ್ತೆರಡು ವರ್ಷದ ಪ್ರೀತಿಯನ್ನು ಯಾರೋ ತಾಳ್ಮೆಯಿಂದ ಬಿಚ್ಚಿಡುತ್ತಿದ್ದರು. ಎತ್ತಿಕೊಂಡ ಭಾರ, ಹಾಲು ಕೊಟ್ಟ ಬಿಸುಪು, ಶಾಲೆಯಿಂದ ತಡವಾದಾಗಿನ ಭಯ ಎಲ್ಲವೂ ಹೊರಟವು; ಪಟ್ಟಿ ಹೆಸರು ಹೇಳದಿದ್ದರೂ ಬಾಗೇಶ್ರೀಗೆ ಒಂದೊಂದರ ಗುರುತು ಹತ್ತಿತು. ಎಲ್ಲ ಮುಗಿದ ಮೇಲೆ ಬಾಗಿಲಾಚೆ ನಿಂತವಳನ್ನು ನೋಡಿದರೆ ಏನೂ ಆಗುತ್ತಿರಲಿಲ್ಲ. ಚಿಲಕ ಹಾಕುವಾಗ ಮೈ ಹಗುರವಾಯಿತು. ಆ ಹಗುರ ಸುಖವಾಗಿತ್ತು.

ನಿಯಮದ ಪ್ರಕಾರ ಎರಡು ಸಲ ನೋಡಬೇಕು. ಎರಡನೆಯ ಸಲ ಅವಳು ಒಂದೇ ಒಂದು ಹಿಂಜರಿಕೆಗಾಗಿ ಹುಡುಕಿದಳು. ಸಿಗಲಿಲ್ಲ. ಪಟ್ಟಿ ಬಿಚ್ಚಿ, ಬರೆಯಬೇಕಾದ ಸಾಲು ಬರೆದಳು: "ಎರಡನೆಯದೇ ಮೇಲು. ಇದರಲ್ಲಿ ಅಭಿನಯ ಇಲ್ಲ."

ಸಂಕರ್ಷಣನಿಗೆ ಆ ಸಾಲು ಬಹಳ ಹಿಡಿಸಿತು. ಆಟ ಬಿಡುಗಡೆಯಾಯಿತು. ಮೊದಲ ಭಾಗವನ್ನು ತಲೆಯ ಮೇಲೆ ಹೊತ್ತವರೇ ಅದನ್ನು ಕೆಳಗಿಳಿಸಿ ಎರಡನೆಯದನ್ನು ಹೊತ್ತರು. ಸಾವಿರಾರು ಮನೆಗಳಲ್ಲಿ ಸಾವಿರಾರು ಜನ ಪಟ್ಟಿ ಕಟ್ಟಿಕೊಂಡು ಬಾಗೇಶ್ರೀಯನ್ನು ಹೊರಗಿಟ್ಟು ಚಿಲಕ ಹಾಕಿದರು, ಇಂಥ ಅನುಭವ ಇನ್ನೊಂದಿಲ್ಲ ಎಂದರು. ಕೆಲವರು ಮತ್ತೆ ಮತ್ತೆ ಹಾಕಿದರು.

ಗುರುಸಿದ್ಧಪ್ಪನಿಗೆ ಬರುತ್ತಿದ್ದ ಕಲಾವಿದರ ಮಾಸಾಶನದ ಕೆಲಸಕ್ಕೆಂದು ತಾಯಿ ಮಗಳು ಒಟ್ಟಿಗೆ ಹೋದ ದಿನ, ಚೆನ್ನಮ್ಮ ಸರ್ಕಲ್ಲಿನಲ್ಲಿ ಆಳೆತ್ತರದ ಜಾಹೀರಾತು ಕಂಡಿತು. ಚಂಪಾಬಾಯಿಯ ಮುಖ, ಕೆಳಗೆ ದಪ್ಪಕ್ಷರದಲ್ಲಿ 'ಇದರಲ್ಲಿ ಅಭಿನಯ ಇಲ್ಲ' ಎಂಬ ಸಾಲು. ಮೂವತ್ತು ವರ್ಷ ಅಭಿನಯವನ್ನೇ ಉಂಡು ಉಟ್ಟ ಹೆಂಗಸು ಅದರ ಮುಂದೆ ನಿಂತು ನಿಧಾನವಾಗಿ ಓದಿದಳು.

"ಇದನ್ನ ನೀವ ಬರದೀರೇನ್ರಿ?" ಎಂದು ಕೇಳಿದಳು.

ಬಾಗೇಶ್ರೀ ಹೌದೆಂದು ತಲೆಯಾಡಿಸಿದಳು.

"ಖರೇ ಬರದೀರಿ," ಅಂದಳು ಚಂಪಾಬಾಯಿ, ಮತ್ತು ರಸ್ತೆ ದಾಟಲು ಆಟೋಗಳು ನಿಲ್ಲುವುದನ್ನು ಕಾಯುತ್ತ ನಿಂತಳು.